ಗೋಕರ್ಣದ ಹಾಫ್ ಮೂನ್ ಬೀಚಿನಲ್ಲಿ ಸ್ನಾರ್ಕೆಲಿಂಗ್: ಯಾವ ದಿನ, ಯಾವ ಹೊತ್ತು, ಎಷ್ಟು ದೂರ?

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ನಾವು ನಾಲ್ಕು ಜನ ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಟಿದ್ದೇವೆ. ಓಂ ಬೀಚಿನ ಆಚೆಗಿರುವ ಹಾಫ್ ಮೂನ್ ಬೀಚಿನಲ್ಲಿ ಜನ ಕಡಿಮೆ, ಎರಡೂ ಕಡೆ ಬಂಡೆ, ಸ್ನಾರ್ಕೆಲಿಂಗ್‌ಗೆ ಹೇಳಿ ಮಾಡಿಸಿದ ಜಾಗ ಎಂದು ಕೇಳಿದ್ದೇವೆ. ಮಾಸ್ಕ್, ಸ್ನಾರ್ಕೆಲ್ ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಿದ್ದೇವೆ. ಮೂವರಿಗೆ ಈಜುಕೊಳದಲ್ಲಿ ಈಜಿ ಅಭ್ಯಾಸವಿದೆ, ಒಬ್ಬರಿಗೆ ಈಜು ಅಷ್ಟಕ್ಕಷ್ಟೆ. ನಾವಾಗಿಯೇ ಹೋಗಿ ನೀರಿಗೆ ಇಳಿಯಬಹುದೇ? ಏನೇನು ನೋಡಿಕೊಳ್ಳಬೇಕು?

ಉತ್ತರ: ಇಳಿಯಬಹುದು. ಆದರೆ ಎಲ್ಲ ದಿನವೂ ಅಲ್ಲ, ದಿನದ ಎಲ್ಲ ಹೊತ್ತಿನಲ್ಲೂ ಅಲ್ಲ. ಈಜು ಅಷ್ಟಕ್ಕಷ್ಟೆ ಎನ್ನುವವರು ಸೊಂಟಮಟ್ಟದ ನೀರು ದಾಟಲೇಬಾರದು, ಮೈಮೇಲೆ ಲೈಫ್ ಜಾಕೆಟ್ ಇದ್ದರೂ. ಹಾಫ್ ಮೂನ್‌ನಂಥ ಜಾಗದಲ್ಲಿ ಜನ ಕಡಿಮೆ ಎಂದರೆ ಕಾಪಾಡುವವರೂ ಕಡಿಮೆ. ಲೈಫ್‌ಗಾರ್ಡ್ ಇರುತ್ತಾರೆಂದು ಎಣಿಸಿಕೊಂಡು ಹೋಗಬೇಡಿ. ನಡೆದು ಹೋಗುವ ಕಾಲುದಾರಿ ಅಥವಾ ದೋಣಿ ಬಿಟ್ಟರೆ ಅಲ್ಲಿಗೆ ಬೇರೆ ದಾರಿಯಿಲ್ಲ, ಆಂಬುಲೆನ್ಸ್ ಬರುವುದಿಲ್ಲ. ಹಾಗಾಗಿ ಇಳಿಯಬೇಕೋ ಬೇಡವೋ ಎಂಬ ತೀರ್ಮಾನವನ್ನು ಅಲ್ಲಿ ದಡದಲ್ಲಿ ನಿಂತು, ಆ ಹೊತ್ತಿನ ಕಡಲನ್ನು ನೋಡಿಯೇ ಮಾಡಬೇಕು. ಅಷ್ಟು ದೂರ ನಡೆದು ಬಂದಿದ್ದೇವಲ್ಲ ಎಂಬುದು ಇಳಿಯಲು ಕಾರಣವಾಗಬಾರದು.

ಮೊದಲು ನಿರೀಕ್ಷೆಯನ್ನು ಸ್ವಲ್ಪ ಸರಿಪಡಿಸಿಕೊಳ್ಳಿ. ಅಂಡಮಾನ್, ಲಕ್ಷದ್ವೀಪದ ಚಿತ್ರಗಳಲ್ಲಿ ಕಾಣುವ ತಿಳಿನೀರು ಇಲ್ಲಿ ಸಿಗುವುದಿಲ್ಲ. ಗೋಕರ್ಣದ ಉತ್ತರಕ್ಕೆ ಗಂಗಾವಳಿ ಕಡಲು ಸೇರುತ್ತದೆ, ದಕ್ಷಿಣಕ್ಕೆ ತದಡಿಯ ಬಳಿ ಅಘನಾಶಿನಿ. ಎರಡೂ ಘಟ್ಟದಿಂದ ಹೂಳು ಹೊತ್ತು ತರುವ ನದಿಗಳು. ಮೇಲಿಂದ ದಡದ ಹತ್ತಿರ ತಳವೆಲ್ಲ ನುಣ್ಣನೆಯ ಮರಳು, ತೆರೆ ಎದ್ದರೆ ಅದೂ ಎದ್ದು ನೀರು ಕದಡುತ್ತದೆ. ಒಳ್ಳೆಯ ದಿನ ಎರಡು ಮೂರು ಮೀಟರ್ ಕಂಡೀತು. ಸಾಧಾರಣ ದಿನ ಚಾಚಿದ ಕೈಯಿಂದ ಸ್ವಲ್ಪ ಮುಂದಕ್ಕೆ ಕಂಡರೆ ಹೆಚ್ಚು.

ಹಾಗೆಂದು ನೋಡಲು ಏನೂ ಇಲ್ಲವೆಂದಲ್ಲ. ಇಲ್ಲಿ ದೂರ ನೋಡುವ ಆಸೆ ಬಿಟ್ಟು ಬಂಡೆಯನ್ನು ಹತ್ತಿರದಿಂದ ನೋಡಬೇಕು. ನೀರಿನಡಿಯ ಬಂಡೆಯ ಮೈಗೆ ಒಂದಡಿ ದೂರದಲ್ಲಿ ಸುಮ್ಮನೆ ತೇಲುತ್ತಿದ್ದರೆ, ಸುಣ್ಣದ ಗುಬುಟಿನಂತೆ ಅಂಟಿಕೊಂಡಿರುವ ಬಾರ್ನಕಲ್‌ಗಳ ಬಾಯಿ ತೆರೆಯುವುದು ಕಾಣುತ್ತದೆ. ತುದಿಯ ಪುಟ್ಟ ಕವಾಟಗಳು ಸರಿದು, ಒಳಗಿನಿಂದ ಕೂದಲೆಳೆಯಂಥ ಕಾಲುಗಳ ಗೊಂಚಲು ಹೊರಬಂದು ನೀರನ್ನು ಬಾಚಿ ಒಳಗೆ ಸೆಳೆದುಕೊಳ್ಳುತ್ತದೆ. ಮತ್ತೆ ಹೊರಕ್ಕೆ, ಮತ್ತೆ ಒಳಕ್ಕೆ. ನಿಮ್ಮ ನೆರಳು ಬಿದ್ದರೆ ಸಾಕು, ಇಡೀ ಸಾಲು ಏಕಕಾಲಕ್ಕೆ ಮುಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ಕಲ್ಗಗಳು (ಬಂಡೆಗೆ ಅಂಟಿ ಬೆಳೆಯುವ ಹರಿತ ಅಂಚಿನ ಸಿಂಪಿಗಳು), ಸಂದುಗಳಲ್ಲಿ ಕಡಲ ಹೂಗಳು, ಸತ್ತ ಶಂಖದೊಳಗೆ ಮನೆ ಮಾಡಿಕೊಂಡ ಸನ್ಯಾಸಿ ಏಡಿ, ಹಳದಿ ಮೈಮೇಲೆ ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಮೀನಿನ ಮರಿಗಳು. ಕಂದು ಹಸಿರು ಬಣ್ಣದ ಮೆತ್ತನೆಯ ಹಾಸು ಕಂಡರೆ ಅದು ಝೋಆಂಥಿಡ್, ಕಡಲ ಹೂವಿನ ಬಳಗದ ಜೀವಿ. ಅದನ್ನು ಮುಟ್ಟಬೇಡಿ. ಅವುಗಳ ಕೆಲವು ಜಾತಿಗಳಲ್ಲಿ ತೀವ್ರ ವಿಷವಿದೆ, ಕೈಯಲ್ಲಿ ಗಾಯವಿದ್ದರೆ ಅಪಾಯ.

ಇನ್ನು ದಿನ ಮತ್ತು ಹೊತ್ತು. ನಿಮ್ಮ ಪ್ರವಾಸದ ಗೆಲುವು ಸೋಲು ಇರುವುದೇ ಇದರಲ್ಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡಲಿಗೆ ಇಳಿಯುವ ಮಾತೇ ಇಲ್ಲ. ಅಕ್ಟೋಬರಿನಲ್ಲಿ ನದಿಯ ಕೆಂಪು ಇನ್ನೂ ಇರುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಚೆನ್ನಾದ ಕಾಲ, ನೀವು ಆರಿಸಿದ್ದು ಸರಿಯಾಗಿದೆ. ಆದರೆ ಡಿಸೆಂಬರ್ ಎಂದ ಮಾತ್ರಕ್ಕೆ ಕಡಲು ನಿರಪಾಯವಲ್ಲ. 2024ರ ಡಿಸೆಂಬರಿನಲ್ಲೇ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮಾರ್ಚ್ ಕಳೆದ ಮೇಲೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಇಲ್ಲಿ ಗಾಳಿಯೇ ಇಲ್ಲದಿದ್ದರೂ ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಉಬ್ಬು ತೆರೆಗಳು ದಿನಗಟ್ಟಲೆ ಸಾಗಿ ಬಂದು ನಮ್ಮ ದಡಕ್ಕೆ ಬಡಿಯುತ್ತವೆ. ಮಲಯಾಳಿಗಳು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕರ್ನಾಟಕದ ಕರಾವಳಿಗೂ ಸೇರಿಸಿ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಆ ಮುನ್ಸೂಚನೆ ನೋಡಿ. ತೆರೆಯ ಎತ್ತರದ ಜೊತೆಗೆ ಎರಡು ತೆರೆಗಳ ನಡುವಿನ ಅವಧಿಯನ್ನೂ ಗಮನಿಸಬೇಕು. ಎತ್ತರ ಅರ್ಧ ಮೀಟರಿನ ಆಸುಪಾಸಿದ್ದರೆ ಬಂಡೆಯ ಬಳಿ ಹೋಗಬಹುದು. ಒಂದು ಮೀಟರ್ ದಾಟಿದರೆ ಬೇಡ. ಅರ್ಧದಿಂದ ಒಂದು ಮೀಟರಿನೊಳಗಿದ್ದರೂ ಅವಧಿ 12 ಸೆಕೆಂಡಿಗಿಂತ ಹೆಚ್ಚಿದ್ದರೆ ಬೇಡವೇ ಬೇಡ. ಅವಧಿ ಉದ್ದವಿದ್ದಷ್ಟೂ ಒಂದೊಂದು ತೆರೆ ಹೊತ್ತು ತರುವ ನೀರು ಹೆಚ್ಚು, ದೂರದಿಂದ ಸಣ್ಣದಾಗಿ ಕಂಡದ್ದು ಬಂಡೆಗೆ ಬಂದಾಗ ಎದ್ದು ನಿಲ್ಲುತ್ತದೆ.

ಭರತ ಇಳಿತದ ಲೆಕ್ಕಕ್ಕೆ ಕಾರವಾರ ಬಂದರಿನ ಪಟ್ಟಿ ನೋಡಿದರೆ ಸಾಕು, ಗೋಕರ್ಣಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ದಿನಕ್ಕೆ ಎರಡು ಭರತ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಗಳ ಹತ್ತಿರ ನೀರಿನ ಏರಿಳಿತ ಒಂದೂವರೆಯಿಂದ ಎರಡು ಮೀಟರ್ ಇರುತ್ತದೆ, ಅಷ್ಟಮಿಯ ಹತ್ತಿರ ಬಹಳ ಕಡಿಮೆ. ನೀರು ಇಳಿಯುವಾಗ ಅಳಿವೆಯ ರಾಡಿ ಹೊರಬರುತ್ತದೆ, ಏರುವಾಗ ಹೊರಗಡಲಿನ ತಿಳಿನೀರು ಒಳಬರುತ್ತದೆ. ಆದ್ದರಿಂದ ಭರತ ತುಂಬುವ ಕೊನೆಯ ಎರಡು ಗಂಟೆ ಮತ್ತು ತುಂಬಿ ನಿಂತ ಅರ್ಧ ಗಂಟೆ ಒಳ್ಳೆಯ ಹೊತ್ತು. ನೀರು ತುಂಬಿದ್ದರೆ ಬಂಡೆಯ ಮೇಲಿನ ಕಲ್ಗಗಳಿಂದ ಹೊಟ್ಟೆ, ಮೊಣಕಾಲು ಗೀರಿಸಿಕೊಳ್ಳುವುದೂ ತಪ್ಪುತ್ತದೆ.

ಇದರ ಜೊತೆಗೆ ಗಾಳಿಯ ಲೆಕ್ಕ ಸೇರಬೇಕು. ಚಳಿಗಾಲದ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ನೀರು ಮಟ್ಟಸವಾಗಿರುತ್ತದೆ. ಹನ್ನೊಂದು ಹನ್ನೆರಡರ ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ಬರತೊಡಗುತ್ತದೆ, ಮಧ್ಯಾಹ್ನದ ಮೇಲೆ ಇಡೀ ಕೊಲ್ಲಿ ಕದಡುತ್ತದೆ. ಹಾಗಾಗಿ ಭರತ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ತುಂಬುವ ದಿನವನ್ನು ಹುಡುಕಿ. ನಮ್ಮ ಕಡಲಲ್ಲಿ ಸಾಮಾನ್ಯವಾಗಿ ಇದು ದ್ವಾದಶಿಯಿಂದ ಚತುರ್ದಶಿಯ ಸುಮಾರಿಗೆ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆ ಬಂದಂತೆ ಭರತ ನಡುಹಗಲಿಗೆ ಸರಿಯುತ್ತದೆ, ಅಷ್ಟಮಿಯಂದು ಬೆಳಿಗ್ಗೆ ನೀರು ಇಳಿದಿರುತ್ತದೆ. ಮನೆಯ ಪಂಚಾಂಗದ ಕ್ಯಾಲೆಂಡರ್ ನೋಡಿ ರಜೆ ಗೊತ್ತುಮಾಡಿಕೊಳ್ಳಿ, ಗಂಟೆಯನ್ನು ಮಾತ್ರ ಪಟ್ಟಿಯಲ್ಲೇ ಖಚಿತಪಡಿಸಿಕೊಳ್ಳಿ. ಬೆಳಗಿನ ಆ ಮೆಲುಗಾಳಿಗೂ ಒಂದು ಎಚ್ಚರಿಕೆ ಬೇಕು. ಗಾಳಿ ತುಂಬಿದ ಟ್ಯೂಬ್, ತೇಲುಹಾಸಿಗೆಗಳನ್ನು ಅದು ಸದ್ದಿಲ್ಲದೆ ಹೊರಗಡಲಿಗೆ ಒಯ್ಯುತ್ತದೆ. ಅವನ್ನು ತರಲೇಬೇಡಿ.

ದಡ ಮುಟ್ಟಿದ ತಕ್ಷಣ ಇಳಿಯಬೇಡಿ, 15ರಿಂದ 20 ನಿಮಿಷ ಕೂತು ನೋಡಿ. ತೆರೆಗಳು ಗುಂಪುಗುಂಪಾಗಿ ಬರುತ್ತವೆ. ಹತ್ತು ನಿಮಿಷ ಸಣ್ಣವು ಬಂದು, ಆಮೇಲೆ ನಾಲ್ಕೈದು ದೊಡ್ಡವು ಒಟ್ಟಿಗೆ ಬರುತ್ತವೆ. ಆ ದೊಡ್ಡ ತೆರೆ ಬಂಡೆಯ ಮೇಲೆ ಎಲ್ಲಿಯವರೆಗೆ ಏರುತ್ತದೆ ಎಂದು ಗುರುತಿಟ್ಟುಕೊಳ್ಳಿ. ಬಂಡೆಗೆ ಬಡಿದು ಬಿಳಿನೊರೆ ಚಿಮ್ಮುತ್ತಿದ್ದರೆ ಆ ದಿನ ಬಂಡೆಯ ಸಹವಾಸ ಬೇಡ.

ಈಗ ಎಲ್ಲರೂ ಎಡವುವ ವಿಷಯ. ಇಂಥ ಪುಟ್ಟ ಕೊಲ್ಲಿಯಲ್ಲಿ ದಡಕ್ಕೆ ಬಂದ ನೀರು ವಾಪಸು ಹೋಗಲು ದಾರಿ ಹುಡುಕುತ್ತದೆ. ಆ ದಾರಿ ಸಾಮಾನ್ಯವಾಗಿ ಬಂಡೆಯ ಮಗ್ಗುಲಲ್ಲೇ ಇರುತ್ತದೆ. ಅಂದರೆ ಮೀನು ನೋಡಲು ನೀವು ಹೋಗಬಯಸುವ ಜಾಗ ಮತ್ತು ಹೊರಕ್ಕೆ ಸೆಳೆಯುವ ರಿಪ್ ಇರುವ ಜಾಗ ಎರಡೂ ಒಂದೇ. ತೆರೆ ಒಡೆಯದೆ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುವ ಪಟ್ಟೆ, ಅದರ ಮೇಲೆ ನೊರೆ, ಎಲೆ ಹೊರಮುಖವಾಗಿ ತೇಲಿ ಹೋಗುತ್ತಿದ್ದರೆ ಅದೇ ರಿಪ್. ಈಜು ಗೊತ್ತಿಲ್ಲದವರಿಗೆ ಅದು ಅತ್ಯಂತ ಸುರಕ್ಷಿತ ಜಾಗದಂತೆ ಕಾಣುತ್ತದೆ. ಒಂದು ತುಂಡು ಒಣ ಕಡ್ಡಿಯನ್ನು ಬಂಡೆಯ ಬದಿಯ ನೀರಿಗೆ ಎಸೆದು ಎರಡು ನಿಮಿಷ ನೋಡಿ. ಅದು ಹೋದ ದಿಕ್ಕಿಗೇ ನೀವೂ ಹೋಗುತ್ತೀರಿ.

ಸಿಕ್ಕಿಕೊಂಡರೆ ದಡದ ಕಡೆಗೆ ನೇರವಾಗಿ ಈಜಲು ಹೋಗಬೇಡಿ. ರಿಪ್ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಮುಳುಗುವವರು ಅದರೆದುರು ಈಜಿ ಸುಸ್ತಾಗಿ ಮುಳುಗುತ್ತಾರೆ. ಅಂಗಾತ ತೇಲಿ, ಕೈ ಎತ್ತಿ ಕರೆಯಿರಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಬಂಡೆಯಿಂದ ದೂರಕ್ಕೆ, ಅಂದರೆ ಕೊಲ್ಲಿಯ ನಡುವಿಗೆ ಅಡ್ಡವಾಗಿ ಈಜಿ. ತೆರೆ ಒಡೆಯುವ ಜಾಗ ಸಿಕ್ಕರೆ ಆ ತೆರೆಗಳೇ ದಡಕ್ಕೆ ತಳ್ಳುತ್ತವೆ. ಹತ್ತಿರದ ಬಂಡೆಗೆ ಏರಿಬಿಡೋಣ ಎನಿಸುವುದು ಸಹಜ, ಆದರೆ ತೆರೆಯಿರುವಾಗ ಅದು ಕೆಟ್ಟ ಆಯ್ಕೆ. ಕಲ್ಗದ ಅಂಚುಗಳು ಬ್ಲೇಡಿನಷ್ಟು ಹರಿತ, ತೆರೆ ನಿಮ್ಮನ್ನು ಅವುಗಳ ಮೇಲೆ ಉಜ್ಜುತ್ತದೆ.

ನೀರಿಗೆ ಯಾವಾಗಲೂ ಮರಳಿನಿಂದ ಇಳಿಯಿರಿ, ಮರಳಿನಿಂದಲೇ ಹೊರಬನ್ನಿ. ಬಂಡೆಯಿಂದ ಜಿಗಿಯಬಾರದು, ಕದಡಿದ ನೀರಿನಡಿ ಇನ್ನೊಂದು ಬಂಡೆ ಎಷ್ಟು ಆಳದಲ್ಲಿದೆ ಎಂದು ಮೇಲಿಂದ ಕಾಣುವುದಿಲ್ಲ. ಇಳಿಯುವಾಗ ಪಾದ ಎತ್ತಿ ಇಡದೆ ಮರಳಿನ ಮೇಲೆ ಜಾರಿಸುತ್ತಾ ಹೋಗಿ. ಮರಳಲ್ಲಿ ಹೂತು ಮಲಗಿರುವ ತೊರಕೆ ಮೀನು ಅದರಿಂದ ಎಚ್ಚೆತ್ತು ಸರಿಯುತ್ತದೆ. ಮೇಲಿಂದ ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಒದ್ದೆ ಬಂಡೆಯ ಮೇಲೆ ನಡೆಯಲೇಬೇಕಾದರೆ ಕಪ್ಪು, ಹಸಿರು ಪಾಚಿಯ ಪಟ್ಟೆ ಬಿಟ್ಟು ಬಾರ್ನಕಲ್‌ನ ಒರಟು ಜಾಗದಲ್ಲಿ ಕಾಲಿಡಿ, ಕಡಲಿಗೆ ಬೆನ್ನು ಹಾಕಬೇಡಿ.

ಸಲಕರಣೆಯ ವಿಷಯ. ಮಾಸ್ಕನ್ನು ಆದಷ್ಟೂ ಅಂಗಡಿಯಲ್ಲಿ ಹಾಕಿ ನೋಡಿ ಕೊಳ್ಳಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದು ತಡೆಹಿಡಿಯಿರಿ, ಕೈಬಿಟ್ಟರೂ ಹತ್ತು ಸೆಕೆಂಡು ಬೀಳದೆ ನಿಂತರೆ ನಿಮ್ಮ ಮುಖಕ್ಕೆ ಸರಿ. ಟೆಂಪರ್ಡ್ ಗಾಜು, ಸಿಲಿಕೋನ್ ಅಂಚು ಇರಲಿ. ಮೀಸೆಯಿದ್ದವರಿಗೆ ಮೂಗಿನ ಕೆಳಗೆ ನೀರು ಸೋರುತ್ತದೆ. ಮೂಗಿಗೆ ತಾಗುವ ಒಂದು ಎಳೆಯಷ್ಟು ಮೀಸೆ ಕತ್ತರಿಸಿದರೆ ಸಾಕು. ಹೊಸ ಮಾಸ್ಕಿನ ಗಾಜಿನ ಒಳಗೆ ತಯಾರಿಕೆಯ ತೆಳು ಜಿಡ್ಡು ಇರುತ್ತದೆ, ಮಂಜು ಕಟ್ಟುವುದು ಅದರಿಂದಲೇ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ, ಇದನ್ನು ಎರಡು ಮೂರು ಸಲ ಮಾಡಿ. ಆಮೇಲೆ ಪ್ರತಿಸಲ ಇಳಿಯುವ ಮುನ್ನ ಒಂದು ಹನಿ ಬೇಬಿ ಶಾಂಪೂ ಸವರಿ ತೊಳೆದರೆ ಸಾಕು. ಇಡೀ ಮುಖ ಮುಚ್ಚುವ ಮಾಸ್ಕ್ ಮಾತ್ರ ಬೇಡ. ಅದರಲ್ಲಿ ಮೂಗು ಹಿಡಿದು ಕಿವಿಯ ಒತ್ತಡ ಬಿಡಿಸಲಾಗುವುದಿಲ್ಲ, ನೀರು ನುಗ್ಗಿದಾಗ ಗಾಬರಿಯಲ್ಲಿ ಬೇಗ ಕಿತ್ತೆಸೆಯಲೂ ಆಗುವುದಿಲ್ಲ, ಬಿಟ್ಟ ಉಸಿರು ಒಳಗೇ ಉಳಿಯುವ ಭಯವೂ ಇದೆ. ಈಜುಕೊಳದ ಗಾಗಲ್ಸ್ ಕೂಡ ಇದಕ್ಕೆ ಸಲ್ಲದು, ಮೂಗು ಹೊರಗಿರುವುದರಿಂದ ಆಳಕ್ಕೆ ಹೋದಾಗ ಕಣ್ಣಿನ ಸುತ್ತ ಹೀರಿದಂತಾಗುತ್ತದೆ.

ಸ್ನಾರ್ಕೆಲ್ ಕೊಳವೆ 35ರಿಂದ 40 ಸೆಂಟಿಮೀಟರ್ ಇದ್ದರೆ ಸರಿ. ಉದ್ದವಿದ್ದಷ್ಟೂ ಒಳ್ಳೆಯದೆಂಬುದು ತಪ್ಪು. ಬಿಟ್ಟ ಗಾಳಿ ಕೊಳವೆಯಲ್ಲೇ ಉಳಿದು ಮತ್ತೆ ಅದನ್ನೇ ಎಳೆದುಕೊಳ್ಳುತ್ತೀರಿ, ಜೊತೆಗೆ ಎದೆಯ ಮೇಲೆ ನೀರಿನ ಒತ್ತಡ ಹೆಚ್ಚಿ ಉಸಿರೆಳೆಯುವುದೇ ಕಷ್ಟವಾಗುತ್ತದೆ. ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಕೊಳವೆಗೆ ಬಾಯಿ ಇಡಬಾರದು. ಉಳಿದಂತೆ ಉದ್ದ ತೋಳಿನ ಈಜುಅಂಗಿ, ಗಟ್ಟಿ ಅಡಿಯ ನೀರಿನ ಬೂಟು, ಎದ್ದುಕಾಣುವ ಕಿತ್ತಳೆ ಬಣ್ಣದ ಒಂದು ತೇಲುಚೀಲ, 20 ಮೀಟರ್ ತೇಲುವ ಹಗ್ಗ. ಇವೆಲ್ಲ ಕಾಲಿಗೆ ತೊಡುವ ಫಿನ್‌ಗಿಂತ ಮುಖ್ಯ.

ಇವನ್ನು ಮೊದಲು ಬೆಂಗಳೂರಿನ ಈಜುಕೊಳದಲ್ಲೇ ಬಳಸಿ ನೋಡಿ. ಎರಡು ವಿದ್ಯೆ ಕೈವಶವಾಗಬೇಕು. ಕೊಳವೆಗೆ ನೀರು ತುಂಬಿದಾಗ "ತೂ" ಎಂದು ಒಂದೇ ಊದಿಗೆ ಹೊರಹಾಕುವುದು. ಮಾಸ್ಕಿಗೆ ನೀರು ಬಂದಾಗ ಮೇಲಂಚನ್ನು ಹಣೆಗೆ ಒತ್ತಿ, ತಲೆ ಸ್ವಲ್ಪ ಎತ್ತಿ, ಮೂಗಿನಿಂದ ಊದಿ ತೆಗೆಯುವುದು. ಕಾಲು ನೆಲಕ್ಕೆ ತಾಗದ ಕಡೆ ಹತ್ತು ಸಲ ಗಾಬರಿಯಿಲ್ಲದೆ ಇವೆರಡನ್ನು ಮಾಡಬಲ್ಲವರು ಮಾತ್ರ ಎದೆಮಟ್ಟ ದಾಟಿ ಹೋಗಲಿ. ಈಜುಕೊಳದಲ್ಲಿ 200 ಮೀಟರ್ ನಿಲ್ಲದೆ ಈಜಲಾಗದವರು ದಾಟುವುದು ಬೇಡ.

ನೀವು ನಾಲ್ವರಿದ್ದೀರಿ, ಹಾಗಾಗಿ ಇಬ್ಬರು ನೀರಲ್ಲಿ, ಇಬ್ಬರು ದಡದಲ್ಲಿ. ದಡದವರ ಕೈಯಲ್ಲಿ ಹಗ್ಗ ಇರಲಿ, ಮೊಬೈಲ್ ಬೇಡ. ನೀರಲ್ಲಿರುವ ಇಬ್ಬರು ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿರಬೇಕು, ಒಬ್ಬರು ಮುಳುಗು ಹಾಕಿದರೆ ಇನ್ನೊಬ್ಬರು ಮೇಲಿಂದ ನೋಡುತ್ತಿರಬೇಕು. ಮುಳುಗುವ ಮುನ್ನ ಹೆಚ್ಚು ಹೊತ್ತು ಒಳಗಿರಲೆಂದು ಜೋರುಜೋರಾಗಿ ಹತ್ತಾರು ಉಸಿರು ಎಳೆಯುವುದು ಪ್ರಾಣಕ್ಕೆ ಎರವಾಗುವ ಅಭ್ಯಾಸ. ಅದರಿಂದ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿದು ಉಸಿರು ಬೇಕೆನ್ನುವ ಸೂಚನೆಯೇ ಬರುವುದಿಲ್ಲ, ಆಮ್ಲಜನಕ ಮುಗಿದು ಎಚ್ಚರ ತಪ್ಪುತ್ತದೆ. ಒಂದು ಸುತ್ತು 30 ನಿಮಿಷ ಮೀರದಿರಲಿ. ನೀರು 27, 28 ಡಿಗ್ರಿ ಇದ್ದರೂ ಮೈಯ ಬಿಸಿ ಹೋಗುತ್ತಲೇ ಇರುತ್ತದೆ. ಮದ್ಯ ಕುಡಿದವರು ಆ ದಿನ ನೀರಿಗಿಲ್ಲ, ಇದರಲ್ಲಿ ರಿಯಾಯಿತಿ ಬೇಡ.

ಗಾಯಗಳ ಪೈಕಿ ಹೆಚ್ಚಾಗಿ ಆಗುವುದು ಕಲ್ಗದ ಕೊಯ್ತ. ಸಣ್ಣದೆಂದು ಬಿಡಬೇಡಿ. ಕುಡಿಯುವ ನೀರಿನಿಂದ ಚೆನ್ನಾಗಿ ತೊಳೆದು, ಒಳಗೆ ಚಿಪ್ಪಿನ ಚೂರಿದ್ದರೆ ಚಿಮಟದಿಂದ ತೆಗೆದು, ಒಣಗಿಸಿ ಕಟ್ಟಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಬಹಳ ವರ್ಷವಾಗಿದ್ದರೆ ಹಾಕಿಸಿಕೊಳ್ಳಿ. ಮರುದಿನಕ್ಕೆ ಕೆಂಪು ಹರಡಿದರೆ, ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಕಡಲ ನೀರಿನ ಗಾಯ ಎಂದು ಹೇಳಿ. ಮಧುಮೇಹ, ಯಕೃತ್ತಿನ ಕಾಯಿಲೆ ಇರುವವರಿಗೆ ಕಡಲ ನೀರಲ್ಲಿರುವ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾದ ಸೋಂಕು ಗಂಟೆಗಳಲ್ಲಿ ಬಿಗಡಾಯಿಸಬಲ್ಲದು. ಲೋಳೆಮೀನು ತಾಗಿ ಉರಿಯಾದರೆ ಮರಳು ಹಾಕಿ ಉಜ್ಜುವುದು, ಸಿಹಿನೀರು ಸುರಿಯುವುದು ಎರಡೂ ತಪ್ಪು. ಉಳಿದ ವಿಷದ ಕೋಶಗಳು ಅದರಿಂದಲೇ ಸಿಡಿಯುತ್ತವೆ. ಕಡಲ ನೀರಲ್ಲಿ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ಎತ್ತಿ ತೆಗೆದು, ಆಮೇಲೆ ಸಹಿಸುವಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ, 20ರಿಂದ 40 ನಿಮಿಷ ಇಡಿ. ತೊರಕೆ ಅಥವಾ ಶೇಡಿ ಮೀನಿನ ಮುಳ್ಳು ಚುಚ್ಚಿದರೂ ಬಿಸಿನೀರೇ ನೋವಿಗೆ ಮದ್ದು, ಇನ್ನೂ ಹೆಚ್ಚು ಹೊತ್ತು ಇಡಬೇಕು. ಅದಕ್ಕಾಗಿ ಒಂದು ಥರ್ಮಾಸ್ ಬಿಸಿನೀರು ಜೊತೆಗಿರಲಿ, ಹದಮಾಡಿ ಬಳಸಬಹುದು.

ಯಾರಾದರೂ ಮುಳುಗುತ್ತಿದ್ದರೆ ಹಗ್ಗ, ತೇಲುಚೀಲ, ಖಾಲಿ ಕ್ಯಾನ್ ಏನಾದರೂ ಎಸೆಯಿರಿ. ತಾವೇ ಧುಮುಕಿದವರು ಮುಳುಗುವವರ ಹಿಡಿತಕ್ಕೆ ಸಿಕ್ಕಿ ಇಬ್ಬರೂ ಹೋಗುವುದು ನಮ್ಮ ಕಡಲ ದುರಂತಗಳಲ್ಲಿ ಮತ್ತೆಮತ್ತೆ ಆಗುತ್ತಿದೆ. ಹೊರತೆಗೆದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡುವುದು ಬೇಡ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಎರಡು ಉಸಿರು, ಬಳಿಕ ಎದೆಯ ನಡುವೆ 30 ಒತ್ತು, ಮತ್ತೆ ಎರಡು ಉಸಿರು, ನೆರವು ಬರುವವರೆಗೂ. ನೀರಲ್ಲಿ ಮುಳುಗಿದವರಿಗೆ ಕೊರತೆಯಾಗಿರುವುದು ಗಾಳಿಯೇ ಆದ್ದರಿಂದ ಬರೀ ಎದೆ ಒತ್ತಿದರೆ ಸಾಲದು. ಕರೆ ಮಾಡಬೇಕಾದ ಸಂಖ್ಯೆಗಳು 112, ಆಂಬುಲೆನ್ಸ್‌ಗೆ 108, ಕರಾವಳಿ ಕಾವಲು ಪಡೆಗೆ 1554. ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದಿರಬಹುದು, ಹೋಗುವ ದಾರಿಯಲ್ಲೇ ಎಲ್ಲಿ ಸಿಗುತ್ತದೆಂದು ನೋಡಿಟ್ಟುಕೊಳ್ಳಿ. ತಾಲ್ಲೂಕು ಆಸ್ಪತ್ರೆ ಕುಮಟಾದಲ್ಲಿದೆ, ಸುಮಾರು 30 ಕಿಲೋಮೀಟರ್.

ದಾರಿ ಓಂ ಬೀಚಿನ ದಕ್ಷಿಣ ತುದಿಯಿಂದ ಗುಡ್ಡ ಏರುತ್ತದೆ, ನಡಿಗೆ ಅರ್ಧ ಗಂಟೆಯೊಳಗೆ. ಮುರಕಲ್ಲಿನ ಸಣ್ಣ ಉರುಟು ಹರಳು ಕಾಲಡಿ ಜಾರುತ್ತದೆ, ಕೆಲವೆಡೆ ಪಕ್ಕದಲ್ಲೇ ಕಡಲಿಗಿಳಿಯುವ ಪ್ರಪಾತ, ಚಪ್ಪಲಿ ಸಾಲದು, ಬೂಟು ಬೇಕು. ತಲಾ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ಕುಡಿಯುವ ನೀರು ಹೊತ್ತುಕೊಳ್ಳಿ, ಅಲ್ಲಿ ಅಂಗಡಿ ತೆರೆದಿರುತ್ತದೆಂದು ನಂಬಬೇಡಿ. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ನಾಲ್ಕೂವರೆಗೆ ಹಾಫ್ ಮೂನ್ ಬಿಟ್ಟುಬಿಡಿ. ದೋಣಿಯಲ್ಲಿ ವಾಪಸಾಗುವ ಯೋಚನೆಯಿದ್ದರೂ ಟಾರ್ಚ್ ಇರಲಿ, ಗಾಳಿ ಎದ್ದರೆ ದೋಣಿ ಬರುವುದಿಲ್ಲ.

ನಿಮ್ಮ ಮನಸ್ಸು ನಿಜವಾಗಿ ಮೀನು ನೋಡುವುದರಲ್ಲೇ ಇದ್ದರೆ ಒಂದು ದಿನವನ್ನು ನೇತ್ರಾಣಿ ದ್ವೀಪಕ್ಕೆ ಇಡಿ. ಗೋಕರ್ಣದಿಂದ ಮುರ್ಡೇಶ್ವರಕ್ಕೆ ರಸ್ತೆಯಲ್ಲಿ ಎರಡು ಗಂಟೆ, ಅಲ್ಲಿಂದ ಕಡಲಲ್ಲಿ ಸುಮಾರು 19 ಕಿಲೋಮೀಟರ್. ನದಿಯ ರಾಡಿಯಿಂದ ದೂರವಿರುವುದರಿಂದ ನೀರು ತಿಳಿ, ಒಳ್ಳೆಯ ದಿನ ಹತ್ತು ಮೀಟರಿಗೂ ಹೆಚ್ಚು ಕಾಣುತ್ತದೆ. ಬಂಡೆ, ಹವಳಗಳ ನಡುವೆ ಗಿಣಿಮೀನು, ಚಿಟ್ಟೆಮೀನುಗಳ ಹಿಂಡು ಸಿಗುತ್ತದೆ. ಈಜು ಅಷ್ಟಕ್ಕಷ್ಟೆ ಎನ್ನುವ ನಿಮ್ಮ ಗೆಳೆಯರಿಗೂ ಅಲ್ಲಿ ಲೈಫ್ ಜಾಕೆಟ್ ತೊಟ್ಟು, ಮಾರ್ಗದರ್ಶಕರ ಕೈಹಿಡಿದು ನೋಡುವ ಅವಕಾಶವಿದೆ. ಹಾಫ್ ಮೂನ್‌ನಲ್ಲಿ ಅದಿಲ್ಲ. ಪರವಾನಗಿ ಇರುವ ಡೈವಿಂಗ್ ಸಂಸ್ಥೆಯನ್ನೇ ಆರಿಸಿ. ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ, ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಜನ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ವರ್ಷಾಂತ್ಯದಲ್ಲಿ ಬೇಡಿಕೆ ಹೆಚ್ಚು, ಬೆಳಗಿನ ಮೊದಲ ದೋಣಿಗೆ ಈಗಲೇ ಹೆಸರು ಬರೆಸಿಡಿ. ಆ ಬೆಳಿಗ್ಗೆ ಎರಡು ಇಡ್ಲಿಗಿಂತ ಹೆಚ್ಚು ತಿನ್ನಬೇಡಿ, ವಾಂತಿ ತಡೆಯುವ ಮಾತ್ರೆ ಬೇಕಾದವರು ದೋಣಿ ಹತ್ತುವ ಒಂದು ಗಂಟೆ ಮೊದಲೇ ನುಂಗಿ.